ಆರ್ಥರ್ಸ್ ಸೀಟ್ ಗುಡ್ಡದ ಪೂರ್ವಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಇದಾವಲ್ಲ, ಅದು ಹಳೇ ಹೊಲಾನಾ?

ತಿಪಟೂರ್_ತೆಂಗು:

ಎಲ್ಲರಿಗೂ ನಮಸ್ಕಾರ. ನಾನು ಎಡಿನ್‌ಬರೋದಲ್ಲಿ ಮಾಸ್ಟರ್ಸ್ ಓದ್ತಾ ಇದೀನಿ, ರೂಮು ಡಡಿಂಗ್‌ಸ್ಟನ್ ಕಡೆ, ಹಂಗಾಗಿ ಎಷ್ಟೋ ಸಲ ಹೋಲಿರೂಡ್ ಪಾರ್ಕ್ ಒಳಗಿಂದಾನೇ ನಡ್ಕೊಂಡು ಬರ್ತೀನಿ. ಇಲ್ಲಿರೋರಿಗೆ ಗೊತ್ತಿರುತ್ತೆ, ಊರ ಮಧ್ಯದಲ್ಲೇ 251 ಮೀಟರ್ ಎತ್ತರದ ಗುಡ್ಡ, ಆರ್ಥರ್ಸ್ ಸೀಟ್ ಅಂತ, ಎಲ್ಲಾರೂ ತುದಿಗೆ ಹೋಗಿ ಫೋಟೋ ತೆಗೆಸ್ಕೊಂಡು ಇಳಿದು ಬಿಡ್ತಾರೆ. ನನ್ನ ಪ್ರಶ್ನೆ ತುದಿ ಬಗ್ಗೆ ಅಲ್ಲ. ಪೂರ್ವದ ಕಡೆ ಡನ್‌ಸೇಪಿ ಲಾಕ್ ಅಂತ ಸಣ್ಣ ಕೆರೆ ಇದೆಯಲ್ಲ, ಆ ಕೆರೆ ಪಕ್ಕದ ರೋಡಲ್ಲಿ ನಿಂತ್ಕೊಂಡು ಗುಡ್ಡದ ಕಡೆ ನೋಡಿದ್ರೆ ಇಳಿಜಾರಿನ ಮೇಲೆ ಅಡ್ಡಡ್ಡ ಮೆಟ್ಟಿಲು ಥರ ಗೆರೆಗಳು ಕಾಣುತ್ತೆ. ಮಧ್ಯಾಹ್ನ ಹೋದ್ರೆ ಏನೂ ಇಲ್ಲ, ಬರೀ ಹುಲ್ಲು. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಒಂದರ ಮೇಲೊಂದು ಎದ್ದು ಕಾಣುತ್ತೆ. ಇನ್ನು ಕೆಲವು ಕಡೆ ಗೆರೆ ಅಡ್ಡ ಇಲ್ಲ, ಮೇಲಿಂದ ಕೆಳಕ್ಕೆ ಉದ್ದುದ್ದ ಹೋಗಿದೆ, ಹಣಿಗೆ ಎಳೆದಂಗೆ.

ಫ್ಲಾಟ್‌ಮೇಟ್ ಕೇಳಿದ್ರೆ ಕುರಿ ಓಡಾಡಿರೋ ದಾರಿ ಅಂದ್ಳು. ಕ್ಲಾಸಲ್ಲಿ ಒಬ್ಬ ಇದು ಹಳೇ ಜ್ವಾಲಾಮುಖಿ, ಲಾವಾ ಪದರ ಅಷ್ಟೇ ಅಂದ. ಅಪ್ಪಂಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ, ಅವ್ರು ಒಂದು ನಿಮಿಷಾನೂ ಯೋಚನೆ ಮಾಡ್ದೆ "ಯಾರೋ ಉತ್ತಿರೋ ಜಾಗ ಕಣೇ ಅದು, ಬದು ಕಾಣ್ತಿಲ್ವಾ" ಅಂದ್ಬಿಟ್ರು. ಅಲ್ಲ, ಇದು ರಾಜರ ಅರಮನೆ ಹಿಂದಿನ ಪಾರ್ಕು, ಇಲ್ಲಿ ಯಾರು ಉಳ್ತಾರೆ? ಉತ್ತಿದ್ರೂ ಏನು ಬೆಳೀತಿದ್ರು, ಯಾವಾಗ ಬಿಟ್ರು, ಬಿಟ್ಟು ಇಷ್ಟು ವರ್ಷ ಆದ್ಮೇಲೂ ಅಳಿಸಿ ಹೋಗ್ದೆ ಹೆಂಗೆ ಉಳೀತು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಲೀತ್_ಲಿಂಗಣ್ಣ:

ನಿಮ್ಮ ಅಪ್ಪಾಜಿ ಹೇಳಿದ್ದೇ ಸರಿ ಕಣಮ್ಮ, ಅವರಿಗೊಂದು ನಮಸ್ಕಾರ ಹೇಳಿ. ನಾನು ಇಲ್ಲಿ ಇಪ್ಪತ್ತು ವರ್ಷದ ಮೇಲಾಯ್ತು ಇದ್ದು, ಈ ಪಾರ್ಕಿನ ಹಳೇ ವಿಷಯ ಓದೋದು ಒಂಥರಾ ಚಟ ಆಗಿಬಿಟ್ಟಿದೆ, ಹಂಗಾಗಿ ಉದ್ದ ಆಗುತ್ತೆ ಉತ್ತರ.

ಮೊದಲು ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಬೇರೆ ಮಾಡ್ಕೊಳ್ಳಿ, ಎರಡೂ ಬೇಸಾಯದ್ದೇ ಆದ್ರೆ ಒಂದೇ ಥರದ್ದಲ್ಲ. ಡನ್‌ಸೇಪಿ ಮೇಲೆ ಕಾಣೋ ಅಡ್ಡ ಮೆಟ್ಟಿಲುಗಳು ಬೇಸಾಯದ ಟೆರೇಸುಗಳು. ಇವನ್ನ ಪೂರ್ತಿ ಗೋಡೆ ಕಟ್ಟಿ, ಮಣ್ಣು ತುಂಬಿ ಮಾಡಿದ್ದು ಅಂತ ಅಂದ್ಕೋಬೇಡಿ, ಬಹಳಷ್ಟು ತಾನಾಗೇ ಆಗೋದು. ಇಳಿಜಾರಲ್ಲಿ ಒಂದು ಪಟ್ಟೆ ಅಡ್ಡಕ್ಕೆ ಉಳ್ತಾ ಹೋದ್ರೆ ಸಡಿಲ ಆದ ಮಣ್ಣು ಮಳೆಗೆ ಕೆಳಕ್ಕೆ ಜಾರುತ್ತೆ, ಕೆಳಗಡೆ ಉಳದೇ ಬಿಟ್ಟಿರೋ ಹುಲ್ಲಿನ ಅಂಚು ಇರುತ್ತಲ್ಲ, ಇಲ್ಲಾ ಹೊಲದಿಂದ ಆರಿಸಿ ಎಸೆದ ಕಲ್ಲಿನ ಸಾಲು, ಅಲ್ಲಿ ಬಂದು ನಿಲ್ಲುತ್ತೆ. ಮೇಲಿನ ಅಂಚು ಕೊರೆದು ಕೊರೆದು ತೆಳ್ಳಗಾಗುತ್ತೆ, ಕೆಳಗಿನ ಅಂಚು ದಪ್ಪ ಆಗುತ್ತೆ. ಇದು ಒಂದೆರಡು ವರ್ಷದ ಮಾತಲ್ಲ, ತಲೆಮಾರುಗಟ್ಟಲೆ ಅದೇ ಪಟ್ಟೆ, ಅದೇ ಅಂಚು, ಆಮೇಲೆ ನೋಡಿದ್ರೆ ಗುಡ್ಡಕ್ಕೆ ಮೆಟ್ಟಿಲು ಬಂದಿರುತ್ತೆ. ನಿಮ್ಮಪ್ಪ ಬದು ಅಂದಿದ್ದು ಅದಕ್ಕೇ.

ಇದರಲ್ಲಿ ಗದ್ದೆ ಥರ ನೀರು ನಿಲ್ಲಿಸೋ ಯೋಚನೆ ಇಲ್ಲವೇ ಇಲ್ಲ. ಮೆಟ್ಟಿಲ ಮೇಲೆ ಹೋಗಿ ನಿಂತ್ರೆ ಗೊತ್ತಾಗುತ್ತೆ, ಸಮತಟ್ಟಿಲ್ಲ, ಅದೂ ಇಳಿಜಾರೇ, ಆದ್ರೆ ಗುಡ್ಡದಷ್ಟು ಕಡಿದಿಲ್ಲ. ಎಡಿನ್‌ಬರೋದಲ್ಲಿ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಲೆಕ್ಕಕ್ಕೆ ನಿಮ್ಮ ತುಮಕೂರು ಜಿಲ್ಲೆಗಿಂತ ಭಾರೀ ಜಾಸ್ತಿ ಏನಲ್ಲ. ಆದ್ರೆ ಅಲ್ಲಿ ಬಿದ್ದ ನೀರು ಬಿಸಿಲಿಗೆ ಆರಿ ಹೋಗುತ್ತೆ, ಇಲ್ಲಿ ಅಕ್ಟೋಬರ್‌ನಲ್ಲಿ ಬಿದ್ದ ನೀರು ಮಾರ್ಚ್‌ವರೆಗೂ ಮಣ್ಣಲ್ಲೇ ಕೂತಿರುತ್ತೆ. ಅಲ್ಲಿ ರೈತನ ತಲೆನೋವು ನೀರು ಹಿಡಿದಿಡೋದು, ಇಲ್ಲಿನ ರೈತನ ತಲೆನೋವು ನೀರು ಓಡಿಸೋದು. ಉದ್ದ ಗೆರೆಗಳು ಬಂದಿದ್ದೇ ಅದಕ್ಕೆ. ಅವನ್ನ ಇಲ್ಲಿ ರಿಗ್ ಅಂಡ್ ಫರೋ ಅಂತಾರೆ, ಉಬ್ಬಿದ ಏರಿ, ಪಕ್ಕದಲ್ಲಿ ತಗ್ಗು, ಮತ್ತೆ ಏರಿ, ಮತ್ತೆ ತಗ್ಗು. ಬೆಳೆ ಏರಿ ಮೇಲೆ, ನೀರು ತಗ್ಗಲ್ಲಿ ಇಳ್ಕೊಂಡು ಹೋಗುತ್ತೆ. ಏರಿ ಸಾಮಾನ್ಯವಾಗಿ ಐದಾರು ಮೀಟರ್ ಅಗಲ, ಕೆಲವು ಹತ್ತು ಮೀಟರ್ ಮೇಲೂ ಇರುತ್ತೆ.

ಯಾವಾಗ ಅಂದ್ರಲ್ಲ. ಈ ಗುಡ್ಡದ ಸುತ್ತ ನಾಲ್ಕು ಪ್ರಾಚೀನ ಕೋಟೆಗಳ ಗುರುತಿದೆ, ಅದರಲ್ಲಿ ಒಂದು ಡನ್‌ಸೇಪಿ ಕೆರೆ ಪಕ್ಕದ ಗುಡ್ಡೆ ಮೇಲೇ. ಕೋಟೆ ಅಂದ ತಕ್ಷಣ ಚಿತ್ರದುರ್ಗ ಕಣ್ಮುಂದೆ ತಂದ್ಕೋಬೇಡಿ, ಕಲ್ಲು ಮಣ್ಣಿನ ಒಡ್ಡು ಹಾಕ್ಕೊಂಡು ಒಳಗೆ ಗುಡಿಸಲು ಕಟ್ಕೊಂಡಿದ್ರು ಅಷ್ಟೇ. ಅಲ್ಲಿ ಜನ ಇದ್ರು ಅಂದ್ಮೇಲೆ ಅವರ ಹೊಲ ಗುಡ್ಡದ ಮೇಲೇ ಇರಬೇಕಲ್ವಾ, ಕೆಳಗಡೆ ಆಗ ಎಲ್ಲಾ ಜೌಗು. ಹಂಗಾಗಿ ಟೆರೇಸ್ ಬೇಸಾಯದ ಬೇರು ಇತಿಹಾಸಪೂರ್ವ ಕಾಲಕ್ಕೆ ಹೋಗುತ್ತೆ ಅಂತ ಪುರಾತತ್ವದವರು ನೋಡ್ತಾರೆ, ಅದರ ಮೇಲೇ ಮಧ್ಯಯುಗದ ರೈತರೂ ಬಂದು ಉತ್ತಿದ್ದಾರೆ. ಒಬ್ಬರ ಹೊಲದ ಮೇಲೆ ಇನ್ನೊಬ್ಬರ ಹೊಲ, ಎಲ್ಲಾ ಒಂದೇ ಕಾಲದ್ದಲ್ಲ.

ಸುಮ್ನೆ_ಓದೋನು:

ಆಹಾ ನಾನು ಈ ಗುಡ್ಡ ಹತ್ತಿ ಕೆಳಗೆ ಬಿದ್ದು ಮಂಡಿ ತರಚಿಕೊಂಡಿದ್ದು ಬಿಟ್ರೆ ಇನ್ನೇನೂ ನೋಡೇ ಇಲ್ಲ ಗುರೂ 😄 ಫಾಲೋಯಿಂಗ್.

ಕುಂದಗೋಳ_ರೈತ:

ಲಿಂಗಣ್ಣಾರ, ಛಲೋ ಬರದೀರಿ. ಆದ್ರ ನನಗೊಂದು ತಿಳಿವಲ್ದು. ಅಡ್ಡ ಬದುವಿಂದು ತಿಳೀತು, ನಮ್ಮ ಎರಿಹೊಲದಾಗ ಸೈತ ಒಡ್ಡಿನ ಮ್ಯಾಲ ಮಣ್ಣು ಬಂದು ನಿಂತು ಒಡ್ಡ ಏರತೈತಿ, ಆಚೀ ಹೊಲ ಈಚೀ ಹೊಲ ಎರಡು ಫೂಟ್ ಹೆಚ್ಚು ಕಡಿಮಿ ಆಗಿದ್ದು ನಾವಾ ನೋಡೇವಿ. ಆದ್ರ ಈ ಉದ್ದನ ಏರಿ ಹ್ಯಾಂಗ ಆತು? ಹತ್ತು ಮೀಟರ್ ಅಗಲದ ಏರಿ ಅಂದ್ರ ಅದು ಬದನಿಕಾಯಿ ಮಡಿ ಅಲ್ಲ ಸಲಿಕಿಲೆ ಎಳಿಯಾಕ. ನಮ್ಮ ಅಜ್ಜನ ಕಾಲದ ಕಟಿಗಿ ರಂಟಿ ಹೊಡದ್ರ ಮಣ್ಣು ಸೀಳಿ ಎರಡೂ ಕಡೆ ಅಷ್ಟಷ್ಟು ಬೀಳತೈತಿ, ನೂರು ವರ್ಷ ಹೊಡದ್ರೂ ಹೊಲ ಹಂಗ ಸಪಾಟ ಇರತೈತಿ. ಹೊಳ್ಳಾ ಮುಳ್ಳಾ ಅಡ್ಡ ಉದ್ದ ಎರಡೂ ಹೊಡಿತೀವಿ. ಹಂಗಿದ್ದ ಮ್ಯಾಲ ಅವ್ರ ಹೊಲ ಯಾಕ ಉಬ್ಬತು? ಬೇಕಂತ ಮಾಡಿದ್ರೋ, ಮಾಡಕೋತ ಆತೋ?

ಎಗ್ರಿ_ರಾಯಚೂರು:

ಸಾರ್ ಒಳ್ಳೇ ಪಾಯಿಂಟ್ ಹಿಡಿದ್ರಿ, ಇಡೀ ವಿಷಯದ ಕೀಲಿ ಇರೋದೇ ಇಲ್ಲಿ. ನಾನು ಕೃಷಿ ಇಂಜಿನಿಯರಿಂಗ್ ಓದಿದವನು, ಎಡಿನ್‌ಬರೋ ನೋಡಿಲ್ಲ, ಆದ್ರೆ ನೇಗಿಲ ವಿಷಯ ಹೇಳ್ತೀನಿ.

ನಿಮ್ಮ ಕಟ್ಟಿಗೆ ರಂಟೆ ಮಣ್ಣನ್ನ ಸೀಳುತ್ತೆ, ಹೊರಳಿಸಲ್ಲ. ಮಧ್ಯಯುಗದ ಯುರೋಪಿನ ಭಾರದ ನೇಗಿಲಿಗೆ ಒಂದು ಪಕ್ಕ, ಸಾಮಾನ್ಯವಾಗಿ ಬಲಕ್ಕೆ, ಓರೆ ಹಲಗೆ ಇರ್ತಿತ್ತು, ಮೋಲ್ಡ್‌ಬೋರ್ಡ್ ಅಂತಾರಲ್ಲ ಅದೇ. ಅದು ಸೀಳಿದ ಮಣ್ಣಿನ ಪಟ್ಟಿನ ಎತ್ತಿ ಬಲಕ್ಕೆ ಮಗುಚುತ್ತೆ. ಈಗ ಲೆಕ್ಕ ಹಾಕಿ. ಉದ್ದ ಪಟ್ಟೆಯ ನಡುವಿಂದ ಶುರು ಮಾಡಿ, ಹೋಗ್ತಾ ಒಂದು ಸಾಲು, ತುದೀಲಿ ಬಲಕ್ಕೆ ತಿರುಗಿ ಬರ್ತಾ ಪಕ್ಕದಲ್ಲೊಂದು ಸಾಲು. ಹೋಗುವಾಗಲೂ ಮಣ್ಣು ನಡುವಿನ ಕಡೆ ಬೀಳುತ್ತೆ, ಬರುವಾಗಲೂ ನಡುವಿನ ಕಡೆನೇ ಬೀಳುತ್ತೆ. ಹಿಂಗೇ ಸುತ್ತುತ್ತಾ ಹೊರಗೆ ಬಂದ್ರೆ ಪಟ್ಟೆಯ ಮಣ್ಣೆಲ್ಲಾ ಒಂದೊಂದು ಗೇಣು ಒಳಗೆ ಸರಿದಿರುತ್ತೆ, ಎರಡು ಪಟ್ಟೆ ಮಧ್ಯೆ ಖಾಲಿ ಸಾಲು ಉಳಿಯುತ್ತೆ. ಮುಂದಿನ ವರ್ಷ ಮತ್ತೆ ಅದೇ ನಡು, ಅದೇ ಸುತ್ತು. ಬೇಕಂತ ಮಾಡಿದ್ದೂ ಹೌದು, ಮಾಡ್ತಾ ಮಾಡ್ತಾ ಆಗಿದ್ದೂ ಹೌದು. ನೀರು ಬಸಿಯುತ್ತೆ ಅಂತ ಗೊತ್ತಿದ್ದಿದ್ರಿಂದ ಅವರು ಅದನ್ನ ಕೆಡಿಸೋಕೆ ಹೋಗ್ಲಿಲ್ಲ, ಇನ್ನೂ ಎತ್ತರ ಮಾಡ್ಕೊಂಡ್ರು.

ನಿಮ್ಮ ಹೊಲದಲ್ಲೇ ಇದನ್ನ ನೋಡಿರ್ತೀರಿ. ಕಿರ್ಲೋಸ್ಕರ್ ಕಂಪನಿ ಶುರುವಾಗಿದ್ದೇ ಬೆಳಗಾವಿ ಕಡೆಯಿಂದ, ಅವರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದ್ರು, ಮಣ್ಣು ಹೊರಳಿಸೋ ನೇಗಿಲು ನಮ್ಮ ಕಡೆ ರೈತರಿಗೆ ಪರಿಚಯ ಆಗಿದ್ದು ಅಂಥ ನೇಗಿಲುಗಳಿಂದಾನೇ. ಈಗ ಟ್ರ್ಯಾಕ್ಟರ್‌ಗೆ ಹಾಕೋ ಎಂಬಿ ಪ್ಲೋ ಇದೆಯಲ್ಲ, ಒಂದೇ ಕಡೆ ಮಗುಚೋದು, ಅದರಲ್ಲಿ ಡ್ರೈವರ್ ನಡುವಿಂದ ಹೊಡೆದ್ರೆ ನಡುವೆ ದಿಬ್ಬ, ಅಂಚಿಂದ ಹೊಡೆದ್ರೆ ನಡುವೆ ಕಾಲುವೆ. ಎರಡು ವರ್ಷ ಒಂದೇ ಥರ ಹೊಡೆಸಿದ್ರೆ ನೀರು ಹಾಯಿಸೋವಾಗ ಗೊತ್ತಾಗಿ ಡ್ರೈವರ್‌ಗೆ ಬೈಯ್ತೀವಿ. ರಿವರ್ಸಿಬಲ್ ಪಲ್ಟಿ ನೇಗಿಲು ಬಂದಿದ್ದೇ ಆ ರಗಳೆ ತಪ್ಪಿಸೋಕೆ.

ಕುಂದಗೋಳ_ರೈತ:

ಹಾಂ ಈಗ ತಲಿಗೆ ಹತ್ತಿತು ನೋಡ್ರಿ. ಪಲ್ಟಿ ನೇಗಿಲ ಇಲ್ಲದವ್ರ ಹೊಲದಾಗ ಆ ದಿಬ್ಬ ನಾ ಕಂಡೇನಿ. ಮತ್ತ ಅಷ್ಟು ಭಾರದ ನೇಗಿಲು ಎಳಿಯಾಕ ಎಷ್ಟು ಎತ್ತು ಹೂಡತಿದ್ರು ಅಲ್ಲೆ? ನಮ್ಮ ಕಡೆ ಕರಿಕಿ ಕೀಳಾಕ ದೊಡ್ಡ ರಂಟಿಗೆ ನಾಕ್ನಾಕು ಜೋಡಿ ಹೂಡತಿದ್ರಂತ ಹಿರ್ಯಾರು ಹೇಳ್ತಾರ.

ಲೀತ್_ಲಿಂಗಣ್ಣ:

ರೈತರೇ, ನಿಮ್ಮ ಲೆಕ್ಕಾನೇ ಇಲ್ಲೂ. ಹಳೇ ಸ್ಕಾಟ್ಸ್ ನೇಗಿಲಿಗೆ ನಾಲ್ಕು ಜೋಡಿ, ಅಂದ್ರೆ ಎಂಟು ಎತ್ತು ಹೂಡೋದು ಮಾಮೂಲು. ಒಬ್ಬನ ಹತ್ರ ಎಂಟು ಎತ್ತು ಎಲ್ಲಿಂದ ಬರಬೇಕು, ಹಂಗಾಗಿ ನಿಂದೊಂದು ಜೋಡಿ ನಂದೊಂದು ಜೋಡಿ ಅಂತ ಊರವರೇ ಕೂಡಿ ಹೂಡೋದು, ನಮ್ಮಲ್ಲಿ ಮುಯ್ಯಾಳು ಹೋದಂಗೆ. ಜಮೀನು ಹಂಚೋದೂ ಹಂಗೇ ಇತ್ತು, ಒಬ್ಬನಿಗೆ ಒಂದೇ ಕಡೆ ಹೊಲ ಇಲ್ಲ, ಇಲ್ಲೊಂದು ಏರಿ ಅಲ್ಲೊಂದು ಏರಿ, ಒಳ್ಳೇ ಮಣ್ಣಲ್ಲಿ ಒಂದು, ಕಲ್ಲು ಮಣ್ಣಲ್ಲಿ ಒಂದು. ಕೆಲವು ಊರಲ್ಲಿ ಕಾಲಕಾಲಕ್ಕೆ ಅದಲು ಬದಲು ಮಾಡ್ಕೊಳ್ತಿದ್ರು, ಯಾವನೂ ನಂಗೆ ಮೋಸ ಆಯ್ತು ಅನ್ನಬಾರದು ಅಂತ. ರನ್‌ರಿಗ್ ಅಂತಾರೆ ಈ ಪದ್ಧತಿಗೆ. ಮನೆ ಹತ್ರದ ಹೊಲಕ್ಕೆ ಗೊಬ್ಬರ ಎಲ್ಲಾ ಹಾಕಿ ಪ್ರತಿ ವರ್ಷ ಬೆಳೆಯೋದು, ದೂರದ್ದನ್ನ ಕೆಲವು ವರ್ಷ ಬೆಳೆದು ಬೀಳು ಬಿಡೋದು.

ಎತ್ತಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳ್ಬೇಕು. ಹಳೇ ಏರಿಗಳನ್ನ ಮೇಲಿಂದ ನೋಡಿದ್ರೆ ನೆಟ್ಟಗಿರಲ್ಲ, ಎರಡೂ ತುದೀಲಿ ಸ್ವಲ್ಪ ಬಾಗಿರುತ್ತೆ, ತಿರುಗಿಸಿ ಬರೆದ ಇಂಗ್ಲಿಷ್ ಎಸ್ ಅಕ್ಷರದ ಥರ. ಎಂಟು ಎತ್ತಿನ ಸಾಲು ಎಷ್ಟುದ್ದ ಆಗುತ್ತೆ ಯೋಚಿಸಿ, ತುದೀಲಿ ಹೋಗಿ ತಿರುಗ್ತೀನಿ ಅಂದ್ರೆ ಜಾಗ ಸಾಲಲ್ಲ, ಹೊಲದ ಕೊನೆ ಇನ್ನೂ ದೂರ ಇರುವಾಗ್ಲೇ ಎತ್ತುಗಳನ್ನ ಎಡಕ್ಕೆ ಓರೆ ಮಾಡ್ಕೊಂಡು ಹೋಗಿ ಆಮೇಲೆ ಬಲಕ್ಕೆ ಸುತ್ತಿಸಬೇಕು. ನೇಗಿಲು ಹಿಂದೆ ಹಿಂದೆ ಬರುತ್ತಲ್ಲ, ಸಾಲೂ ಬಾಗುತ್ತೆ. ಅಂದ್ರೆ ಆ ಬಾಗು ಕಂಡ್ರೆ ಅದು ಎತ್ತಿನ ಕಾಲದ ಉಳುಮೆ ಅಂತ ಹೇಳಬಹುದು. 1760ರ ದಶಕದಲ್ಲಿ ಜೇಮ್ಸ್ ಸ್ಮಾಲ್ ಅನ್ನೋರು ಬೆರಿಕ್‌ಶೈರ್‌ನಲ್ಲಿ ಹಗುರ ನೇಗಿಲು ಮಾಡಿದ್ರು, ಎರಡು ಕುದುರೆ ಒಬ್ಬ ಆಳು ಸಾಕು, ಅದು ಬಂದ್ಮೇಲೆ ಏರಿಗಳು ಸಣ್ಣಗೆ, ಗೆರೆ ಎಳೆದಂಗೆ ನೆಟ್ಟಗೆ ಆದ್ವು. 19ನೇ ಶತಮಾನದಲ್ಲಿ ನೆಲದ ಕೆಳಗೆ ಮಣ್ಣಿನ ಪೈಪ್ ಹೂತು ನೀರು ಬಸಿಯೋಕೆ ಶುರು ಮಾಡಿದ್ರು, ಆಮೇಲೆ ಏರಿ ಯಾಕೆ ಬೇಕು, ಎಲ್ಲಾ ಹರಗಿ ಸಪಾಟು.

ಈಗ ತೆಂಗು ಅವರ ಪ್ರಶ್ನೆಗೆ ಬರ್ತೀನಿ, ಇಲ್ಲಿ ಯಾಕೆ ಉಳೀತು ಅಂತ. ರಾಜರ ಪಾರ್ಕ್ ಆಗಿದ್ದಕ್ಕೇ ಉಳಿದಿದ್ದು! ಅದಕ್ಕೂ ಮುಂಚೆ ಈ ಜಮೀನು ಮಠದ್ದು. ಒಂದನೇ ಡೇವಿಡ್ ರಾಜ 1128ರಲ್ಲಿ ಹೋಲಿರೂಡ್ ಮಠ ಕಟ್ಟಿಸಿ ಜಮೀನು ಬಿಟ್ಟ, ಡಡಿಂಗ್‌ಸ್ಟನ್ ಕಡೆಯದು ಕೆಲ್ಸೋ ಮಠಕ್ಕೆ ಸೇರಿತ್ತು. ಮಠದವರೇನು ನೇಗಿಲು ಹಿಡೀಲಿಲ್ಲ, ಉತ್ತಿದ್ದು ಒಕ್ಕಲುಗಳು, ಬೆಳೆದಿದ್ದು ಓಟ್ಸು, ಬೇರ್ ಅನ್ನೋ ಹಳೇ ಬಾರ್ಲಿ. ಆ ಬೇರ್ ಈಗಲೂ ಆರ್ಕ್ನಿ ದ್ವೀಪದಲ್ಲಿ ಬೆಳೀತಾರೆ, ಅದರ ಹಿಟ್ಟಲ್ಲಿ ಮಾಡಿದ ದಪ್ಪ ರೊಟ್ಟಿ ತಿಂದು ನೋಡಿ, ಮಣ್ಣಿನ ರುಚಿ ಇರುತ್ತೆ, ನಂಗಂತೂ ರಾಗಿ ತಿಂದು ಬೆಳೆದಿದ್ದಕ್ಕೋ ಏನೋ ತುಂಬಾ ಇಷ್ಟ. ಆಮೇಲೆ 1541ರ ಹೊತ್ತಿಗೆ ಐದನೇ ಜೇಮ್ಸ್ ಗುಡ್ಡದ ಸುತ್ತ ಕಲ್ಲುಗೋಡೆ ಹಾಕಿಸಿ ಅರಮನೆ ಪಾರ್ಕ್ ಮಾಡಿದ. ಸುತ್ತಮುತ್ತಲ ಬಯಲಲ್ಲೂ ಇಂಥವೇ ಏರಿಗಳಿದ್ವು, ಆದ್ರೆ ಅಲ್ಲೆಲ್ಲಾ ಬೇಸಾಯ ಮುಂದುವರೀತು, ಹೊಸ ನೇಗಿಲು ಬಂತು, ಆಮೇಲೆ ಮನೆ ರಸ್ತೆ ಬಂತು, ಹಳೇ ಗೆರೆ ಹೊರಟೋಯ್ತು. ಗೋಡೆ ಒಳಗಡೆ ಕುರಿ ಮೇಯ್ತಾ ಇತ್ತು, ಕುರಿ ಮೇಯೋ ನೆಲದಲ್ಲಿ ಹುಲ್ಲಿನ ಬೇರು ಮಣ್ಣನ್ನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಮಳೆಗೂ ಕರಗಲ್ಲ. ಉಳುಮೆ ನಿಲ್ಲಿಸಿದ ಜಾಗದಲ್ಲಿ ಉಳುಮೆ ಗುರುತು ಉಳಿದಿದೆ, ಉಳುತ್ತಾ ಇದ್ದ ಜಾಗದಲ್ಲಿ ಹೋಗಿದೆ, ಅಷ್ಟೇ ಕಥೆ.

ಇಲ್ಲಿಗೆ ಬರೋ ಜನ ಆಹಾ ಸಿಟಿ ನಡುವೆ ಎಂಥಾ ಕಾಡು ಪ್ರಕೃತಿ ಅಂತ ಹೇಳೋದು ಕೇಳಿದ್ರೆ ನಂಗೆ ಸ್ವಲ್ಪ ಪಿತ್ತ ನೆತ್ತಿಗೇರುತ್ತೆ. ಕೆರೆ ಕೂಡ ಪ್ರಕೃತಿ ಅಲ್ಲ ಕಣ್ರೀ, ಡನ್‌ಸೇಪಿ ಲಾಕ್ 1840ರ ದಶಕದಲ್ಲಿ ಪಾರ್ಕಿಗೆ ಸುತ್ತು ರಸ್ತೆ ಹಾಕೋ ಹೊತ್ತಲ್ಲಿ ಅಂದಕ್ಕೆ ಅಂತ ಮಾಡಿದ್ದು. ಕೆರೆ ಹೊಸದು, ಅದರ ಮೇಲಿನ ಹೊಲ ಹಳೇದು.

ಕಲ್ಲು_ಹುಚ್ಚ:

ನಡುವೆ ಬಾಯಿ ಹಾಕ್ತೀನಿ. ಲಾವಾ ಅಂದ ಹುಡುಗನ್ನ ಪೂರ್ತಿ ತಳ್ಳಿ ಹಾಕ್ಬೇಡಿ. ಈ ಗುಡ್ಡ ಸುಮಾರು 34 ಕೋಟಿ ವರ್ಷದ ಹಿಂದಿನ ಜ್ವಾಲಾಮುಖಿ, ಒಂದಾದ್ಮೇಲೆ ಒಂದು ಲಾವಾ ಹರಿದು ಪದರ ಆಗಿದೆ, ಪೂರ್ವಕ್ಕೆ ವಾಲಿದೆ. ವಿನ್ನಿ ಹಿಲ್ ಕಡೆ ಹೋದ್ರೆ ಗಟ್ಟಿ ಪದರ ಉಳ್ಕೊಂಡು ಮೆದು ಪದರ ಸವೆದು ದೊಡ್ಡ ದೊಡ್ಡ ಮೆಟ್ಟಿಲೇ ಆಗಿದೆ, ಅದಕ್ಕೂ ರೈತರಿಗೂ ಸಂಬಂಧ ಇಲ್ಲ. ಹಂಗಾಗಿ ಈ ಪಾರ್ಕಲ್ಲಿ ಕಾಣೋ ಮೆಟ್ಟಿಲೆಲ್ಲಾ ಹೊಲ ಅಂತ ಹೊರಟ್ರೆ ಕಷ್ಟ. ಕುರಿ ದಾರಿ ಅನ್ನೋದೂ ಇದೆ, ಕಡಿದಾದ ಹುಲ್ಲು ಇಳಿಜಾರಲ್ಲಿ ಮಣ್ಣು ತಾನಾಗೇ ನಿಧಾನಕ್ಕೆ ಜಾರಿ ಸಣ್ಣ ಸಣ್ಣ ಪಟ್ಟಿ ಆಗುತ್ತೆ, ದನ ಕುರಿ ಅದರ ಮೇಲೇ ನಡೆದು ಇನ್ನೂ ಅಚ್ಚು ಬೀಳಿಸ್ತವೆ.

ಲೀತ್_ಲಿಂಗಣ್ಣ:

ಸರಿಯಾಗಿ ಹೇಳಿದ್ರಿ, ಅದನ್ನ ನಾನೇ ಬರೀಬೇಕಿತ್ತು. ಗುರುತು ಹಿಡಿಯೋದು ಹಿಂಗೆ ಮಾಡಿ. ಕುರಿ ಪಟ್ಟಿ ಒಂದು ಒಂದೂವರೆ ಅಡಿ ಅಗಲ, ಒಬ್ಬರೇ ಕಾಲಿಡೋ ಅಷ್ಟು, ಒಂದಕ್ಕೊಂದು ಕೂಡುತ್ತೆ, ಬಿಡುತ್ತೆ, ಶಿಸ್ತಿಲ್ಲ. ಬೇಸಾಯದ ಮೆಟ್ಟಿಲು ಎತ್ತು ಕಟ್ಟಿ ಉಳೋ ಅಷ್ಟು ಅಗಲ ಇರಲೇಬೇಕು, ಹಲವು ಮೀಟರ್, ಉದ್ದಕ್ಕೂ ಅದೇ ಅಗಲ ಕಾಯ್ದುಕೊಂಡು ಹೋಗಿರುತ್ತೆ. ಲಾವಾ ಮೆಟ್ಟಿಲಾದ್ರೆ ಅಂಚಲ್ಲಿ ಬಂಡೆ ಮೂತಿ ಹೊರಗೆ ಹಾಕಿರುತ್ತೆ, ಹೊಲದ ಅಂಚು ಮಣ್ಣಿಂದು, ದುಂಡಗೆ ಹುಲ್ಲು ಮುಚ್ಚಿರುತ್ತೆ. ಮತ್ತೆ ಹಳೇ ರೈತ ದಡ್ಡ ಅಲ್ಲವಲ್ಲ, ಲಾವಾ ಮೆಟ್ಟಿಲು ಇದ್ದ ಕಡೆ ಅದರ ಮೇಲಿನ ಮಣ್ಣನ್ನೇ ಉತ್ತುಕೊಂಡಿರ್ತಾನೆ, ಎರಡೂ ಒಂದೇ ಜಾಗದಲ್ಲಿ ಸಿಕ್ಕಿದ್ರೆ ಜಗಳ ಬೇಡ.

ಟೈನ್‌ಸೈಡ್_ಕನ್ನಡಿಗ:

ಒಳ್ಳೇ ಥ್ರೆಡ್. ನಾನು ನ್ಯೂಕಾಸಲ್‌ನಲ್ಲಿರೋದು, ಎಡಿನ್‌ಬರೋಯಿಂದ ಟ್ರೇನಲ್ಲಿ ಒಂದೂವರೆ ಗಂಟೆ. ಅಲ್ಲಿ ಗುಡ್ಡ ಹತ್ತೋಕೆ ಆಗದೋರು ಇಲ್ಲಿಗೆ ಬನ್ನಿ, ಟೌನ್ ಮೂರ್ ಅಂತ ಸಿಟಿ ಸೆಂಟರ್‌ಗೆ ಅಂಟ್ಕೊಂಡೇ ಸಾವಿರ ಎಕರೆ ಹತ್ರದ ಬಯಲಿದೆ, ರಿಗ್ ಅಂಡ್ ಫರೋ ಅದರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ಏರಿ ಹತ್ತಿ ಇಳಿದು ಹತ್ತಿ ಇಳಿದು ನಡೀಬೇಕು, ಸೈಕಲ್ ಬಿಟ್ರೆ ಸೊಂಟ ಹೋಗುತ್ತೆ. ಮಳೆ ಬಂದ ಮಾರನೇ ದಿನ ತಗ್ಗಲ್ಲಿ ನೀರು ನಿಂತು ಏರಿ ಒಣಗಿರುತ್ತೆ, ಲಿಂಗಣ್ಣೋರು ಹೇಳಿದ ನೀರಿನ ಲೆಕ್ಕ ಯಾರೂ ವಿವರಿಸೋದೇ ಬೇಡ, ಶೂ ನೋಡ್ಕೊಂಡ್ರೆ ಗೊತ್ತಾಗುತ್ತೆ.

ಇಲ್ಲಿನ ವಿಶೇಷ ಏನಂದ್ರೆ ದನ ಈಗಲೂ ಮೇಯ್ತವೆ! ಫ್ರೀಮೆನ್ ಅಂತ ಊರಿನ ಹಳೇ ಹಕ್ಕುದಾರರು ಇದಾರೆ, ಅವರಿಗೆ ಮೇವಿನ ಹಕ್ಕು. ಆಫೀಸಿಗೆ ಹೋಗೋರು ಬ್ಯಾಗ್ ಹಾಕ್ಕೊಂಡು ದನದ ಮಧ್ಯೆನೇ ನಡ್ಕೊಂಡು ಹೋಗ್ತಾರೆ. ನಮ್ಮೂರ ಗೋಮಾಳ ನೆನಪಾಗುತ್ತೆ, ಗೋಮಾಳ ಅಂದ್ರೆ ಈಗ ಕಾಗದದಲ್ಲಿ ಮಾತ್ರ ಉಳ್ಕೊಂಡಿದೆ ಬಿಡಿ. ಒಂದೇ ವ್ಯತ್ಯಾಸ, ಇಲ್ಲಿರೋ ಏರಿಗಳಲ್ಲಿ ನೆಟ್ಟಗಿರೋದು ಜಾಸ್ತಿ. 1774ರಲ್ಲಿ ಕಾಯ್ದೆ ಮಾಡಿ ಮೂರ್‌ನ ಒಂದೊಂದು ಭಾಗ ಗುತ್ತಿಗೆಗೆ ಕೊಟ್ಟು ಉಳುಮೆ ಮಾಡಿಸಿ ಹುಲ್ಲುಗಾವಲು ಸುಧಾರಿಸೋಕೆ ಹೊರಟ್ರು, ಹಂಗಾಗಿ ಗೆರೆ ಕಂಡ ತಕ್ಷಣ ಮಧ್ಯಯುಗ ಅಂತ ಕೂಗಬಾರದು. ಬಾಗು ನೋಡಿ, ಅಗಲ ನೋಡಿ, ಆಮೇಲೆ ಮಾತಾಡಿ.

ತಿಪಟೂರ್_ತೆಂಗು:

ಅಯ್ಯೋ ಇಷ್ಟೆಲ್ಲಾ ಬರುತ್ತೆ ಅಂತ ಅನ್ಕೊಂಡೇ ಇರ್ಲಿಲ್ಲ, ಎಲ್ಲಾರಿಗೂ ಥ್ಯಾಂಕ್ಸ್. ಅಪ್ಪಂಗೆ ಇಡೀ ಥ್ರೆಡ್ ಓದಿ ಹೇಳಿದೆ, "ಎಂಟು ಎತ್ತಿಗೆ ಮೇವು ಎಲ್ಲಿಂದ ತರ್ತಿದ್ರು ಕೇಳು" ಅಂತಿದಾರೆ 😅. ಇನ್ನೆರಡು ಡೌಟ್. ಫೋಟೋ ತೆಗೀಬೇಕು ಅಂದ್ರೆ ಯಾವ ಹೊತ್ತು ಹೋಗ್ಲಿ, ನನ್ನ ಮೊಬೈಲಲ್ಲಿ ಬರೀ ಹಸಿರು ಬರುತ್ತೆ. ಮತ್ತೆ ನನ್ನ ಕಸಿನ್ ಬರ್ತಿದಾನೆ, ಮೆಟಲ್ ಡಿಟೆಕ್ಟರ್ ಹುಚ್ಚು ಅವನಿಗೆ, ಹಳೇ ಹೊಲ ಅಂದ್ರೆ ನಾಣ್ಯ ಸಿಗುತ್ತೆ ಅಂತ ಕುಣೀತಿದಾನೆ, ಕರ್ಕೊಂಡು ಹೋಗ್ಬಹುದಾ?

ಎಗ್ರಿ_ರಾಯಚೂರು:

ನಿಮ್ಮಪ್ಪನ ಪ್ರಶ್ನೆನೇ ಎಲ್ಲಕ್ಕಿಂತ ಮುಖ್ಯವಾದದ್ದು ಮೇಡಂ. ಆ ಮೇವಿಗೋಸ್ಕರಾನೇ ಊರ ಸುತ್ತ ಹುಲ್ಲುಗಾವಲು ಬಿಡ್ತಿದ್ದಿದ್ದು, ಬೀಳು ಬಿಟ್ಟ ಹೊಲದಲ್ಲೂ ದನ ಕಟ್ತಿದ್ರು, ಸಗಣಿನೂ ಅಲ್ಲೇ ಬೀಳಲಿ ಅಂತ. ಚಳಿಗಾಲದಲ್ಲಿ ಓಟ್ಸ್ ಹುಲ್ಲೇ ಗತಿ, ಮಾರ್ಚ್ ಹೊತ್ತಿಗೆ ಎತ್ತು ಮೂಳೆ ಚಕ್ಕಳ. ಅದಕ್ಕೇ ಎಂಟು ಬೇಕಾಗ್ತಿತ್ತು ಅಂತಾನೂ ಹೇಳಬಹುದು.

ಲೀತ್_ಲಿಂಗಣ್ಣ:

ಡಿಟೆಕ್ಟರ್ ಮನೇಲೇ ಬಿಟ್ಟು ಬರೋಕೆ ಹೇಳಿ, ತಮಾಷೆ ಅಲ್ಲ. ಈ ಪಾರ್ಕು ಸಂರಕ್ಷಿತ ಸ್ಮಾರಕ, ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ನೋಡ್ಕೊಳ್ಳುತ್ತೆ, ಇಂಥ ಜಾಗದಲ್ಲಿ ಅನುಮತಿ ಇಲ್ದೆ ಡಿಟೆಕ್ಟರ್ ಆಡಿಸೋದೇ ಅಪರಾಧ, ಅಗೆಯೋದು ಇನ್ನೂ ದೊಡ್ಡದು. ಸ್ಟೂಡೆಂಟ್ ವೀಸಾ ಇಟ್ಕೊಂಡು ಇದೆಲ್ಲಾ ಬೇಡ.

ಲೋಹ ನೋಡಲೇಬೇಕು ಅಂದ್ರೆ ಅವನನ್ನ ಚೇಂಬರ್ಸ್ ಸ್ಟ್ರೀಟ್‌ನ ನ್ಯಾಷನಲ್ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಟಿಕೆಟ್ ಇಲ್ಲ, ಫ್ರೀ. ನಿಮ್ಮ ರೂಮ್ ಹತ್ರದ ಡಡಿಂಗ್‌ಸ್ಟನ್ ಕೆರೆಯಲ್ಲಿ 1778ರಲ್ಲಿ ಸಿಕ್ಕ ಕಂಚಿನ ಕತ್ತಿ, ಈಟಿ ತುಂಡುಗಳು ಅಲ್ಲಿನ ಸಂಗ್ರಹಕ್ಕೆ ಸೇರಿವೆ, ಐವತ್ತಕ್ಕೂ ಮೇಲೆ, ಬೇಕಂತ ಮುರಿದು ಸುಟ್ಟು ನೀರಿಗೆ ಹಾಕಿದ್ದು. ಕುಂದಗೋಳದವರಿಗೆ ಇದು ಇಷ್ಟ ಆಗುತ್ತೆ, ಅದು ಸಿಕ್ಕಿದ್ದು ಹೆಂಗೆ ಅಂದ್ರೆ ಪಕ್ಕದ ಪ್ರೆಸ್ಟನ್‌ಫೀಲ್ಡ್ ಜಮೀನ್ದಾರ ಅಲೆಗ್ಸಾಂಡರ್ ಡಿಕ್ ಹೊಲಕ್ಕೆ ಹಾಕೋಕೆ ಅಂತ ಕೆರೆ ತಳದ ಸುಣ್ಣದಂಶದ ಮಣ್ಣು ತೆಗೆಸ್ತಿದ್ದ. ನಮ್ಮಲ್ಲಿ ಬೇಸಿಗೇಲಿ ಕೆರೆ ಗೋಡು ಹೊಡೆಸ್ತಾರಲ್ಲ, ಅದೇ ಕೆಲಸ.

ಫೋಟೋಗೆ ಚಳಿಗಾಲ ಬೆಸ್ಟ್, ಹುಲ್ಲು ಕುಳ್ಳಗಿರುತ್ತೆ, ಸೂರ್ಯ ಇಡೀ ದಿನ ಕೆಳಗೇ ಇರ್ತಾನೆ. ಆ ಇಳಿಜಾರು ಪೂರ್ವಕ್ಕೆ ಮುಖ ಮಾಡಿದೆ, ಹಂಗಾಗಿ ಬೆಳಗ್ಗೆ ತುಂಬಾ ಬೇಗ ಹೋದ್ರೆ ಬಿಸಿಲು ನೇರ ಮುಖಕ್ಕೇ ಹೊಡೆದು ಎಲ್ಲಾ ಚಪ್ಪಟೆ ಕಾಣುತ್ತೆ, ಸ್ವಲ್ಪ ಹೊತ್ತು ಬಿಟ್ಟು ಬಿಸಿಲು ದಕ್ಷಿಣದಿಂದ ಸವರಿಕೊಂಡು ಹೋಗುವಾಗ ತೆಗೀರಿ. ತೆಳ್ಳಗೆ ಹಿಮ ಬಿದ್ದು ಅರ್ಧ ಕರಗಿದ ದಿನ ಸಿಕ್ಕಿದ್ರೆ ಬಿಡ್ಬೇಡಿ, ತಗ್ಗಲ್ಲಿ ಬಿಳಿ ಉಳಿದು ಏರಿ ಹಸಿರಾಗಿ ಒಂದೊಂದು ಸಾಲೂ ಎಣಿಸಬಹುದು. ಬೇಸಿಗೇಲಿ ಹೋದ್ರೆ ಕಷ್ಟ, 1977ರಲ್ಲಿ ಕುರಿ ಮೇಯಿಸೋದು ನಿಂತ ಮೇಲೆ ಹುಲ್ಲು ಮೊಣಕಾಲಿಗೆ ಬರುತ್ತೆ, ಗೋರ್ಸ್ ಅಂತ ಹಳದಿ ಹೂವಿನ ಮುಳ್ಳುಪೊದೆ ಬೇರೆ ಹಬ್ಬಿದೆ. ನೋಡೋಕೆ ಚೆಂದ, ಆದ್ರೆ ಅದರ ಬೇರು ಹಳೇ ಹೊಲದ ಅಂಚನ್ನ ಒಳಗಿಂದಾನೇ ಸಡಿಲ ಮಾಡುತ್ತೆ. ನನ್ನ ಕೇಳಿದ್ರೆ ಕುರಿ ವಾಪಸ್ ಬಿಡಬೇಕು, ಆದ್ರೆ ನಾಯಿ ಬಿಚ್ಚಿ ಓಡಿಸೋ ಊರಿನ ಜನ ಒಪ್ಪಬೇಕಲ್ಲ.

ಮೋಡ ಇದ್ರೆ ಮನೇಲೇ ಕೂತು ನೋಡಿ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ಮ್ಯಾಪ್ ಸೈಟಲ್ಲಿ ಲೈಡಾರ್ ಲೇಯರ್ ಇದೆ, ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುಪೇರು ಅಳೆದಿರೋದು, ಪೊದೆ ಹುಲ್ಲು ಎಲ್ಲಾ ತೆಗೆದು ಬರೀ ನೆಲ ತೋರಿಸುತ್ತೆ. ಪಕ್ಕಪಕ್ಕ ಎರಡು ಮ್ಯಾಪ್ ಇಡೋ ಆಪ್ಶನ್ ತಗೊಂಡು ಒಂದು ಕಡೆ ಹಳೇ ಸರ್ವೇ ಮ್ಯಾಪ್, ಇನ್ನೊಂದು ಕಡೆ ಲೈಡಾರ್ ಹಾಕಿ, ಡನ್‌ಸೇಪಿ ಮೇಲೆ ಝೂಮ್ ಮಾಡಿ.

ಕುಂದಗೋಳ_ರೈತ:

ಆ ಮ್ಯಾಪ್ ಸೈಟ್ ಫೋನಿನ್ಯಾಗ ತಗದೆ ಲಿಂಗಣ್ಣಾರ, ಬಾಗು ಸಿಕ್ಕಾವ. ನ್ಯೂಕಾಸಲ್ಲಿಂದು ಅದರಾಗ ಬರತೈತೇನ್ರಿ?

ಟೈನ್‌ಸೈಡ್_ಕನ್ನಡಿಗ:

ಬರುತ್ತೆ ಸಾರ್, ಇಂಗ್ಲೆಂಡಿನ ಲೈಡಾರ್ ಲೇಯರೂ ಅದೇ ಪಟ್ಟೀಲಿ ಇದೆ. ಟೌನ್ ಮೂರ್ ಅಂತ ಸರ್ಚ್ ಮಾಡಿ, ಫುಟ್‌ಬಾಲ್ ಸ್ಟೇಡಿಯಂನ ಉತ್ತರಕ್ಕೆ.